ಮುಂಬೈ ಲೋಕಲ್: ಆ ಬಾಗಿಲು ಮುಚ್ಚೋದು ಯಾಕಿಷ್ಟು ಕಷ್ಟ?

ಇವತ್ತಿನ ಮಾತು ಮುಂಬೈ ಲೋಕಲ್ ಬಗ್ಗೆ. ಅದರಲ್ಲೂ ಸೆಂಟ್ರಲ್ ಲೈನ್ ಬಗ್ಗೆ, ಮತ್ತು ಆ ರೈಲಿನ ಬಾಗಿಲಿನ ಬಗ್ಗೆ.

ಭಾರತದ ಮೊದಲ ಪ್ರಯಾಣಿಕ ರೈಲು ಓಡಿದ್ದು ಇದೇ ದಾರಿಯಲ್ಲಿ. 1853ರ ಏಪ್ರಿಲ್ 16ರಂದು, ಬೋರಿ ಬಂದರ್‌ನಿಂದ ಠಾಣೆಗೆ, 34 ಕಿಲೋಮೀಟರ್. ಆವತ್ತು 14 ಬೋಗಿಗಳಲ್ಲಿ ಇದ್ದದ್ದು ಸುಮಾರು 400 ಜನ. ಇವತ್ತು ಬೆಳಗಿನ ಒಂದು ಲೋಕಲ್‌ನಲ್ಲಿ ಅಷ್ಟು ಜನ ಒಂದೇ ಬೋಗಿಯಲ್ಲಿ ಇರ್ತಾರೆ.

ಈ ಲೈನ್ ಅರ್ಥ ಆಗಬೇಕು ಅಂದ್ರೆ ಬರೀ ಹತ್ತಿದರೆ ಸಾಲದು, ನಿಂತು ನೋಡಬೇಕು. ಅದಕ್ಕೆ ನನಗೆ ಇಷ್ಟವಾದ ಜಾಗ ಮಾಟುಂಗಾ. ಕನ್ನಡಿಗರಿಗೆ ಅದು ಹೊಸ ಜಾಗ ಅಲ್ಲ. ಮೈಸೂರು ಅಸೋಸಿಯೇಷನ್ ಇರೋದು ಅಲ್ಲೇ, ಉಡುಪಿ ಊಟದ ಹೋಟೆಲ್‌ಗಳು ಇರೋದೂ ಅಲ್ಲೇ. ಸ್ಲೋ ಲೋಕಲ್‌ಗಳು ನಿಂತು ಹೋಗ್ತವೆ, ಫಾಸ್ಟ್ ಲೋಕಲ್‌ಗಳು ಧೂಳೆಬ್ಬಿಸಿಕೊಂಡು ಹಾದು ಹೋಗ್ತವೆ.

ಮೊದಲು ಕಲಿಯಬೇಕಾದ್ದು ರೈಲಿನ ಮೂತಿಯ ಮೇಲಿರುವ ಅಕ್ಷರ. 'ಕೆ' ಅಂದ್ರೆ ಕಲ್ಯಾಣ್, 'ಟಿ' ಅಂದ್ರೆ ಠಾಣೆ. ಇದು ಸುಲಭ. ಆದರೆ 'ಎನ್' ಅಂದ್ರೆ ಕಸಾರ, 'ಎಸ್' ಅಂದ್ರೆ ಕರ್ಜತ್! ಕಲ್ಯಾಣದ ಆಚೆ ಹಳಿ ಕವಲೊಡೆಯುತ್ತೆ. ಒಂದು ಕವಲು ಈಶಾನ್ಯಕ್ಕೆ, ಇನ್ನೊಂದು ಆಗ್ನೇಯಕ್ಕೆ. ಆ ದಿಕ್ಕುಗಳ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳೇ ಇವತ್ತಿಗೂ ಉಳಿದಿವೆ.

ಎರಡನೆಯದು ಕಿವಿಯ ಪಾಠ. 1925ರಲ್ಲಿ ಮುಂಬೈಯಲ್ಲಿ ವಿದ್ಯುತ್ ರೈಲು ಶುರುವಾದಾಗ ತಂತಿಯಲ್ಲಿದ್ದದ್ದು 1500 ವೋಲ್ಟ್ ಡಿಸಿ. ಅದು ಪೂರ್ತಿಯಾಗಿ 25,000 ವೋಲ್ಟ್ ಎಸಿಗೆ ಬದಲಾಗಿದ್ದು 2016ರಲ್ಲಿ. ಹಳೇ ರೈಲುಗಳು ಗುರುಗುಟ್ಟುತ್ತಾ, ಜರ್ಕ್ ಹೊಡೆಯುತ್ತಾ ಹೊರಡುತ್ತಿದ್ದವು. ಈಗಿನವು ಸಣ್ಣ ದನಿಯಲ್ಲಿ ರಾಗ ಏರಿಸಿದ ಹಾಗೆ ಹೊರಡ್ತವೆ. ಬ್ರೇಕ್ ಹಾಕಿದಾಗ ಸ್ವಲ್ಪ ವಿದ್ಯುತ್ತನ್ನು ತಂತಿಗೆ ವಾಪಸ್ ಕೊಡ್ತವೆ ಕೂಡ. ಹಳೇ ರೈಲುಗಳಲ್ಲಿ ಆ ಶಕ್ತಿಯೆಲ್ಲ ಬಿಸಿಯಾಗಿ ಪೋಲಾಗುತ್ತಿತ್ತು.

ತಂತಿ ಬದಲಾಯ್ತು, ಮೋಟಾರ್ ಬದಲಾಯ್ತು. ಸಾಮಾನ್ಯ ಲೋಕಲ್‌ನಲ್ಲಿ ಬದಲಾಗದೆ ಉಳಿದದ್ದು ಬಾಗಿಲು. ಅದು ತೆರೆದೇ ಇರುತ್ತೆ.

2025ರ ಜೂನ್ 9ರ ಬೆಳಿಗ್ಗೆ ಇದೇ ಲೈನಿನಲ್ಲಿ, ಮುಂಬ್ರಾದ ತಿರುವಿನ ಹತ್ತಿರ, ಎರಡು ಲೋಕಲ್‌ಗಳು ಅಕ್ಕಪಕ್ಕ ಹಾದು ಹೋಗುವಾಗ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದರು. ಕನಿಷ್ಠ ನಾಲ್ವರು ಸತ್ತರು. ಇಂಥ ಸುದ್ದಿ ಬಂದಾಗೆಲ್ಲ ಕೇಳಿಬರೋ ಮಾತು ಒಂದೇ: 'ಬಾಗಿಲಲ್ಲಿ ಯಾಕಪ್ಪಾ ನಿಲ್ಲಬೇಕು?'

ಒಂದು ಸಲ ಹತ್ತಿ ನೋಡಿ, ಗೊತ್ತಾಗುತ್ತೆ. ರೈಲು ಒಂದು ಸ್ಟೇಷನ್‌ನಲ್ಲಿ ನಿಲ್ಲೋದು ಅರ್ಧ ನಿಮಿಷವೂ ಇಲ್ಲ. ಇಳಿಯಬೇಕಾದವರು ಎರಡು ಸ್ಟೇಷನ್ ಮೊದಲೇ ಬಾಗಿಲ ಕಡೆ ಸರೀಬೇಕು. 'ದಾದರ್ ಉತರ್ನಾ ಹೈ ಕ್ಯಾ?' ಅಂತ ಮುಂದಿನವರ ಬೆನ್ನು ತಟ್ಟಿ ಕೇಳೋದು ಅದಕ್ಕೇ. ಮೂವರ ಸೀಟಿನಲ್ಲಿ ನಾಲ್ಕನೆಯವರು ತುದಿಗೆ ಕೂತಿರ್ತಾರೆ. ನಿಂತವರ ಲೆಕ್ಕ ಹಾಕಿದರೆ, ಒಂದು ಚದರ ಮೀಟರ್ ಜಾಗದಲ್ಲಿ 14ರಿಂದ 16 ಜನ. ಕೊನೆಗೆ ಹತ್ತಿದವರಿಗೆ ಒಳಗೆ ಜಾಗ ಎಲ್ಲಿಂದ ಬರಬೇಕು? ಹುಡುಗಾಟಕ್ಕೆ ನೇತಾಡೋರು ಇಲ್ಲ ಅಂತಲ್ಲ, ಇದ್ದಾರೆ. ಆದರೆ ಬೆಳಿಗ್ಗೆ ಒಂಬತ್ತಕ್ಕೆ, ಡಬ್ಬಿ ಇರೋ ಬ್ಯಾಗನ್ನು ಎದೆಗೆ ಹಾಕ್ಕೊಂಡು ಒಂದೇ ಕಾಲಲ್ಲಿ ನಿಂತವರು ಹುಡುಗಾಟ ಆಡ್ತಿಲ್ಲ, ಕೆಲಸಕ್ಕೆ ಹೋಗ್ತಿದ್ದಾರೆ.

ಹಾಗಾದ್ರೆ ಬಾಗಿಲು ಮುಚ್ಚಿಬಿಡಬಹುದಲ್ವಾ? ಎಸಿ ಲೋಕಲ್‌ಗಳಲ್ಲಿ 2017ರಿಂದ ಮುಚ್ಚುತ್ತೆ, ಆದರೆ ಅವುಗಳ ಟಿಕೆಟ್ ದುಬಾರಿ. ಸಾಮಾನ್ಯ ಲೋಕಲ್‌ನಲ್ಲಿ ಬಾಗಿಲೇ ದೊಡ್ಡ ಕಿಟಕಿ. ಅಷ್ಟು ಜನರನ್ನು ತುಂಬಿ ಅದನ್ನು ಮುಚ್ಚಿದರೆ ಉಸಿರುಗಟ್ಟುತ್ತೆ. ಅದಕ್ಕೇ ಮುಂಬ್ರಾ ಘಟನೆಯ ನಂತರ ರೈಲ್ವೆ ಹೇಳಿದ ಹೊಸ ವಿನ್ಯಾಸದಲ್ಲಿ ಗಾಳಿಯಾಡುವ ಪಟ್ಟಿಗಳಿರುವ ಬಾಗಿಲು, ಛಾವಣಿಯಿಂದ ಹೊರಗಿನ ಗಾಳಿ ಒಳಗೆ ತಳ್ಳುವ ಯಂತ್ರ, ಬೋಗಿಯಿಂದ ಬೋಗಿಗೆ ನಡೆದು ಹೋಗುವ ದಾರಿ, ಈ ಮೂರೂ ಇವೆ.

ಇದು ಆಗಲೇಬೇಕು. ಆದರೆ ಲೆಕ್ಕ ಇಲ್ಲಿಗೇ ಮುಗಿಯಲ್ಲ. ಈಗ ಹೊರಗೆ ನೇತಾಡುವವರು ಬಾಗಿಲು ಮುಚ್ಚಿದ ದಿನ ಪ್ಲಾಟ್‌ಫಾರ್ಮ್ ಮೇಲೆ ಉಳೀತಾರೆ. ಅವರಿಗೆ ಹಿಂದೆಯೇ ಇನ್ನೊಂದು ರೈಲು ಬರಬೇಕು, ಇಲ್ಲಾ ಅಂದ್ರೆ 12 ಬೋಗಿಯ ಜಾಗದಲ್ಲಿ 15 ಬೋಗಿ ಓಡಬೇಕು. ಅದಕ್ಕೆ ಉದ್ದನೆಯ ಪ್ಲಾಟ್‌ಫಾರ್ಮ್ ಬೇಕು, ಹೆಚ್ಚು ಹಳಿ ಬೇಕು, ಹೊಸ ಸಿಗ್ನಲ್ ಬೇಕು. ಬಾಗಿಲು ಒಂದು ವರ್ಷದ ಕೆಲಸ ಇರಬಹುದು, ಉಳಿದದ್ದು ಹತ್ತಾರು ವರ್ಷದ ಕೆಲಸ.

ನಮಗೂ ಇದರಲ್ಲಿ ಪಾಠ ಇದೆ. ಬೆಂಗಳೂರಿಗೆ 148 ಕಿಲೋಮೀಟರಿನ ಉಪನಗರ ರೈಲು ಬರಬೇಕಿದೆ. 2022ರಲ್ಲಿ ಶಂಕುಸ್ಥಾಪನೆ ಆಯ್ತು. ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಅಂತ ಕಾರಿಡಾರ್‌ಗಳಿಗೆ ಹೂವಿನ ಹೆಸರಿಟ್ಟಿದ್ದೂ ಆಗಿದೆ. ನಾವು ಕೇಳಬೇಕಾದ್ದು ಉದ್ಘಾಟನೆಯ ದಿನಾಂಕ ಒಂದನ್ನೇ ಅಲ್ಲ. ಎಷ್ಟು ನಿಮಿಷಕ್ಕೊಂದು ರೈಲು, ಎಷ್ಟು ಬೋಗಿ, ಪ್ಲಾಟ್‌ಫಾರ್ಮ್ ಎಷ್ಟು ಉದ್ದ ಅನ್ನೋದನ್ನೂ ಈಗಲೇ ಕೇಳಬೇಕು.