ಮಗುವಿನ ಬೆನ್ನುನೋವು

ಜ್ವರದ ಮಗು ಬೆನ್ನು ನೋವೆಂದರೆ, 'ಆಡುವಾಗ ಬಿದ್ದಿರಬೇಕು' ಎಂದು ಸುಮ್ಮನಾಗುತ್ತೇವೆ. ಆದರೆ ಆ ಮಗು ನೆಲದ ಮೇಲಿನ ಗೋಲಿಯನ್ನು ಬಗ್ಗಿ ಎತ್ತದೆ ಕುಕ್ಕರಗಾಲಿನಲ್ಲಿ ಕುಳಿತು ಎತ್ತಿದರೆ, ರಾತ್ರಿ ನಿದ್ದೆಯಲ್ಲಿ ಚೀರಿದರೆ, ತಡಮಾಡಬೇಡಿರಿ.

ಬೆನ್ನೆಲುಬಿನ ಸೋಂಕೆಂದರೆ ಮೊದಲು ನೆನಪಾಗುವುದು ಕ್ಷಯ. ಅದು ಸರಿಯೇ. ಆದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಂಥ ಆಡು-ಕುರಿಗಳ ಸೀಮೆಯಲ್ಲಿ ಬ್ರುಸೆಲ್ಲೋಸಿಸನ್ನೂ ನೆನೆಯಬೇಕು. ಆಡು, ದನ ಕಂದು ಹಾಕುವಂತೆ ಮಾಡುವ ಈ ರೋಗಾಣು ಹಸಿ ಹಾಲಿನಿಂದ ನಮಗೂ ದಾಟುತ್ತದೆ. ವಿಜಯಪುರದ ವೈದ್ಯರು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಈ ರೋಗ ತಗಲಿದ 93 ಮಕ್ಕಳ ಲೆಕ್ಕವಿದೆ.

ಕ್ಷ-ಕಿರಣ ಚಿತ್ರದಲ್ಲಿ ಎರಡೂ ಒಂದೇ ತೆರನಾಗಿ ಕಾಣಬಹುದು. ಕೆಲವು ಔಷಧಿಗಳೂ ಎರಡಕ್ಕೂ ಒಂದೇ. ಆದುದರಿಂದ ಗುರುತಿಸದೆ ಆರಂಭಿಸಿದ ಚಿಕಿತ್ಸೆ ಅರೆಗುಣ ತೋರಿಸಿ ಮೋಸಗೊಳಿಸುತ್ತದೆ. ಬ್ರುಸೆಲ್ಲೋಸಿಸಿಗೆ ರಕ್ತಪರೀಕ್ಷೆಯುಂಟು; ಕ್ಷಯಕ್ಕೆ ಸೋಂಕಿದ ಜಾಗದ ಕೀವನ್ನೋ ಎಲುಬಿನ ಚೂರನ್ನೋ ಪರೀಕ್ಷಿಸುತ್ತಾರೆ. 'ಮನೆಯಲ್ಲಿ ಆಡುಗಳಿವೆ, ಮಗು ಹಸಿ ಹಾಲು ಕುಡಿದಿದೆ' ಎಂದು ನೀವಾಗಿಯೇ ವೈದ್ಯರಿಗೆ ಹೇಳಿರಿ. ಆ ಒಂದು ಮಾತು ದಾರಿ ತೋರಿಸೀತು.

ಬೆನ್ನೆಲುಬಿನ ಬ್ರುಸೆಲ್ಲೋಸಿಸಿಗೆ ಸಾಮಾನ್ಯವಾಗಿ ಮೂರು ತಿಂಗಳಾದರೂ ಔಷಧಿ ಬೇಕು. ಕ್ಷಯಕ್ಕೆ 12 ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು. ಕ್ಷಯದ ಔಷಧಿ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ. ನೋವು ನಿಂತಿತೆಂದು ನಡುವೆ ಬಿಡಬಾರದು. ಕಾಲು ಸೋತರೆ, ಮೂತ್ರದ ಹಿಡಿತ ತಪ್ಪಿದರೆ, ಅದೇ ದಿನ ದೊಡ್ಡ ಆಸ್ಪತ್ರೆಗೆ ಒಯ್ಯಿರಿ.

ಪಟ್ಟಣದವರಾದ ನಾವೂ ಹಬ್ಬಕ್ಕೋ ಜಾತ್ರೆಗೋ ಹಳ್ಳಿಗೆ ಹೋದಾಗ, ಅಜ್ಜಿ ಅಕ್ಕರೆಯಿಂದ ಮೊಮ್ಮಗುವಿಗೆ ಕರೆದ ಹಾಲನ್ನೇ ಕೊಡುವುದುಂಟು. ಅಕ್ಕರೆ ಇರಲಿ, ಹಾಲು ಮಾತ್ರ ಒಲೆಯ ಮೇಲೆ ಉಕ್ಕಿ ಬರಲಿ.