ಅರಬರ ವಿಷಯ ಯಾರಿಗಾಗಿ ಓದಬೇಕು?
(ಅಭ್ಯಾಸ ಮಂಡಲಿಯಲ್ಲಿ ಮಾಡಿದ ಭಾಷಣ)



ಅರಬರ ಇತಿಹಾಸ, ರಾಜಕೀಯ, ಸಂಸ್ಕೃತಿಗಳನ್ನು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ವಿಚಾರವಾಗಿ ಈ ಹೊತ್ತು ನಾಲ್ಕು ಮಾತು ಹೇಳಬೇಕಾಗಿದೆ. ಗಿರಣಿಯವರಿಗೂ ಅಂಗಡಿಯವರಿಗೂ ಅದರಿಂದೇನು ಎಂದು ನೀವು ಕೇಳಬಹುದು. ನಿಮ್ಮ ಲೆಕ್ಕದ ಪುಸ್ತಕವನ್ನೇ ತೆರೆದು ನೋಡಿ. ಅಸಲು, ಬಾಕಿ, ವಸೂಲಿ ಇವೆಲ್ಲ ಮೂಲದಲ್ಲಿ ಅರಬ್ಬೀ ಮಾತುಗಳು. ಪಾರಸಿ, ಉರ್ದುಗಳ ದಾರಿಯಾಗಿ ನಮ್ಮಲ್ಲಿಗೆ ಬಂದುವು. ಗಿರಣಿಯ ಬಾಗಿಲಲ್ಲಿ ನಿಂತು ನಾವು ಕೇಳುವ 'ಹಕ್ಕು' ಸಹ ಅಲ್ಲಿಯದೇ.

ಇನ್ನು, ಈ ವಿದ್ಯೆಗೆ ಹಣ ಹಾಕಿದವರು ಯಾರು? 1632ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಅರಬ್ಬಿಯ ಪಾಠ ಏರ್ಪಟ್ಟಿತು. ವೆಚ್ಚ ಕೊಟ್ಟವನು ಥಾಮಸ್ ಆಡಮ್ಸ್ ಎಂಬ ಲಂಡನ್ನಿನ ಜವಳಿ ವರ್ತಕ. ವಿದ್ಯೆಯ ಏಳಿಗೆಯೊಂದೇ ಅದರ ಗುರಿಯಲ್ಲ. ಪೂರ್ವದೇಶಗಳೊಡನೆ ವ್ಯಾಪಾರ ನಡೆಯಬೇಕು, ಕ್ರೈಸ್ತಮತ ಹಬ್ಬಬೇಕು ಎಂಬುದೂ ಸೇರಿತ್ತು. 1916ರಲ್ಲಿ ಲಂಡನ್ನಿನಲ್ಲಿ ಪೌರಸ್ತ್ಯ ಅಧ್ಯಯನ ಶಾಲೆ ಹುಟ್ಟಿದಾಗ, ಸಾಮ್ರಾಜ್ಯದ ಅಧಿಕಾರಿಗಳನ್ನು ತಯಾರುಮಾಡುವ ಕೆಲಸ ಅದರ ಪಾಲಿಗೆ ಬಂತು. ಆ ಪಂಡಿತರು ನಿಘಂಟುಗಳನ್ನು ಕಟ್ಟಿದರು, ಹಸ್ತಪ್ರತಿಗಳನ್ನು ಉಳಿಸಿದರು. ಆ ಶ್ರಮವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಪ್ರಶ್ನೆ ಕೇಳುವವನು ಆಳುವವನೇ ಆದಾಗ, ಉತ್ತರವೂ ಅವನಿಗೆ ಬೇಕಾದಂತೆಯೇ ಬರುತ್ತದೆ. ಜೆರೂಸಲೆಮಿನಲ್ಲಿ ಹುಟ್ಟಿದ ಪ್ಯಾಲೆಸ್ಟೀನಿನ ವಿದ್ವಾಂಸ ಎಡ್ವರ್ಡ್ ಸೈದ್ 1978ರ 'ಓರಿಯೆಂಟಲಿಸಂ' ಗ್ರಂಥದಲ್ಲಿ ಇದನ್ನೇ ಬಿಡಿಸಿ ತೋರಿಸಿದರು.

ಅರಬರು ಸುಮ್ಮನೆ ಕುಳಿತಿರಲಿಲ್ಲ. ಈಜಿಪ್ಟ್ ಬ್ರಿಟಿಷರ ಹಿಡಿತದಲ್ಲಿದ್ದಾಗಲೇ ಅಲ್ಲಿಯವರು ಚಂದಾ ಎತ್ತಿ 1908ರಲ್ಲಿ ಕೈರೋದಲ್ಲಿ ತಮ್ಮದೇ ವಿಶ್ವವಿದ್ಯಾನಿಲಯ ತೆರೆದರು. 1914ರಲ್ಲಿ ಅದರ ಮೊದಲ ಡಾಕ್ಟರೇಟ್ ಪಡೆದವರು ತಾಹಾ ಹುಸೇನ್. ಹಳ್ಳಿಯವರು, ಎಳವೆಯಲ್ಲೇ ಕಣ್ಣು ಕಳೆದುಕೊಂಡವರು. ಇಸ್ಲಾಮಿಗೆ ಹಿಂದಿನದೆನ್ನುವ ಅರಬ್ಬೀ ಕಾವ್ಯದಲ್ಲಿ ಬಹುಪಾಲು ಆ ಕಾಲದ್ದಲ್ಲವೆಂದು ಅವರು 1926ರಲ್ಲಿ ಬರೆದಾಗ ದೊಡ್ಡ ಗದ್ದಲವೆದ್ದಿತು. 1932ರಲ್ಲಿ ಸರ್ಕಾರವು ಅವರನ್ನು ವಿಶ್ವವಿದ್ಯಾನಿಲಯದಿಂದ ತೆಗೆಯಿತು. ಅದೇ ತಾಹಾ ಹುಸೇನ್ 1950ರಲ್ಲಿ ವಿದ್ಯಾಮಂತ್ರಿಯಾಗಿ ಪ್ರೌಢಶಾಲೆಗಳ ಶುಲ್ಕವನ್ನು ತೆಗೆದುಹಾಕಿದರು. ನೀರು, ಗಾಳಿಗಳಂತೆ ವಿದ್ಯೆಯೂ ಎಲ್ಲರದು ಎಂಬುದು ಅವರ ವಾದ. ತಮ್ಮ ಚರಿತ್ರೆಯನ್ನು ತಾವೇ ಪರೀಕ್ಷಿಸುವ ಧೈರ್ಯ, ಬಡವನ ಮಗನಿಗೂ ಶಾಲೆಯ ಬಾಗಿಲು ತೆರೆಯುವ ಛಲ, ಎರಡೂ ಒಬ್ಬರಲ್ಲೇ ಇದ್ದುವು.

ನಮ್ಮ ನಾಡಿಗೂ ಇದರಲ್ಲಿ ಪಾಲುಂಟು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕ ಮಂಗಳೂರಿನಲ್ಲಿ ಹಲವು ವರ್ಷವಿದ್ದು ಅಡಿಕೆ, ಮೆಣಸುಗಳ ವ್ಯಾಪಾರ ಮಾಡಿದ. ಅವನ ಗುಲಾಮನೊಬ್ಬ ಯಜಮಾನನ ಕೆಲಸದ ಮೇಲೆ ಏಡನ್‌ವರೆಗೆ ಹೋಗುತ್ತಿದ್ದ. ಆ ಆಳಿನ ಹೆಸರು ಬೊಮ್ಮ ಎಂದು ಲೇಖಕ ಅಮಿತಾವ್ ಘೋಷ್ ಊಹಿಸಿದ್ದಾರೆ. ಈ ವಿವರಗಳು ಕೈರೋದ ಯೆಹೂದಿ ಮಂದಿರವೊಂದರಲ್ಲಿ ಉಳಿದಿದ್ದ ಕಾಗದಗಳಲ್ಲಿ ಸಿಕ್ಕಿದುವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಆ ಕಾಗದಗಳ ಬಹುದೊಡ್ಡ ಭಾಗ ಇಂದು ಕೇಂಬ್ರಿಜ್ಜಿನಲ್ಲಿದೆ. ನಮ್ಮ ಬಂದರಿನ ಆಳೊಬ್ಬನ ಕಥೆಯನ್ನು ತಿಳಿಯಲು ನಾವು ಪರರ ಬಾಯಿ ನೋಡಬೇಕಾಗಿದೆ!

ಬೊಮ್ಮನ ಹಾದಿಯಲ್ಲಿ ಇಂದೂ ಕರಾವಳಿಯ, ಒಳನಾಡಿನ ಮಕ್ಕಳು ಅರಬ್ ದೇಶಗಳಿಗೆ ದುಡಿಯಹೋಗುತ್ತಾರೆ. ಕೊಲ್ಲಿಯ ದೇಶಗಳಲ್ಲಿ ಕೂಲಿಗಾರನ ವಾಸದ ಅನುಮತಿಯನ್ನು ಮಾಲೀಕನಿಗೆ ಕಟ್ಟಿಹಾಕುವ 'ಕಫಾಲಾ' ಎಂಬ ಪದ್ಧತಿ ಬೆಳೆದಿದೆ. ಕತಾರಿನಲ್ಲಿ 2020ರಲ್ಲಿ, ಮಾಲೀಕನ ಒಪ್ಪಿಗೆಯಿಲ್ಲದೆಯೂ ಕೆಲಸ ಬದಲಿಸಬಹುದೆಂದು ಕಾನೂನಾಯಿತು. ಈ ಪದ್ಧತಿ ಹೇಗೆ ಬೆಳೆಯಿತು, ಯಾರಿಗೆ ಲಾಭ, ಯಾವ ಒತ್ತಾಯದಿಂದ ಸಡಿಲವಾಯಿತು ಎಂಬುದೂ ಅರಬ್ ಇತಿಹಾಸವೇ. ಓದಲು ಬಾರದ ಭಾಷೆಯ ಕರಾರಿಗೆ ರುಜು ಹಾಕುವವನಿಗೆ ಇದು ಬರಿಯ ಪಾಂಡಿತ್ಯದ ಮಾತಲ್ಲ.

ಆದುದರಿಂದ ನಮ್ಮ ವಿಶ್ವವಿದ್ಯಾನಿಲಯಗಳು ಈ ವಿಷಯವನ್ನು ಕಲಿಸಲಿ, ಕನ್ನಡದಲ್ಲಿ ಪುಸ್ತಕ ತರಲಿ ಎಂದು ನಾವು ಕೇಳೋಣ. ಜವಳಿ ವರ್ತಕ ಆಡಮ್ಸ್ ತನ್ನ ಲಾಭ ನೋಡಿ ಹಣ ಕೊಟ್ಟ. ನಮ್ಮ ವಿಶ್ವವಿದ್ಯಾನಿಲಯಗಳು ನಡೆಯುವುದು ನಮ್ಮ ತೆರಿಗೆಯಿಂದ. ಅಲ್ಲಿ ನಮ್ಮ ಮನೆಯ ಮಕ್ಕಳು ಕುಳಿತು, ದುಡಿಯುವವರ ಪ್ರಶ್ನೆಗಳನ್ನು ಕೇಳುವಂತಾಗಲಿ.