ಮೋಟಾರಿನಲ್ಲಿ ಮೊಲದ ಕೊಂಬು



ಇಲ್ಲದ ವಸ್ತುವಿಗೆ ಉದಾಹರಣೆ ಕೊಡಬೇಕಾದಾಗಲೆಲ್ಲ ನಮ್ಮ ತರ್ಕಶಾಸ್ತ್ರಜ್ಞರು ಮೊಲದ ಕೊಂಬನ್ನೂ ಆಕಾಶದ ಹೂವನ್ನೂ ಬಂಜೆಯ ಮಗನನ್ನೂ ಕರೆತರುವುದು ವಾಡಿಕೆ. ಈ ಮೂವರೂ ನೂರಾರು ವರ್ಷ ದುಡಿದು ದಣಿದಿದ್ದಾರೆ. ಇನ್ನು ಅವರಿಗೆ ವಿಶ್ರಾಂತಿ ಕೊಟ್ಟು, ಇಂಡಿಕೇಟರಿನ ಎಣ್ಣೆ, ಸೈಲೆನ್ಸರಿನ ಬೇರಿಂಗು, ಟೈರಿಗೆ ತುಂಬುವ ಚಳಿಗಾಲದ ಗಾಳಿ ಎಂಬ ಮೂವರು ಹೊಸಬರನ್ನು ಆ ಸ್ಥಾನಕ್ಕೆ ನೇಮಿಸಿಕೊಳ್ಳಬಹುದೆಂದು ನಮಗೆ ತೋರುತ್ತದೆ. ಇವೂ ಯಾವ ದೇಶದಲ್ಲಿಯೂ ಯಾವ ಕಾಲದಲ್ಲಿಯೂ ಇದ್ದುವಲ್ಲ. ಆದರೆ ಒಂದು ವ್ಯತ್ಯಾಸವುಂಟು. ಮೊಲದ ಕೊಂಬನ್ನು ಕೊಳ್ಳಲು ಯಾರಾದರೂ ಅಂಗಡಿಗೆ ಹೋದದ್ದನ್ನು ನಾವು ಕೇಳಿಲ್ಲ. ಇಂಡಿಕೇಟರಿನ ಎಣ್ಣೆಯನ್ನು ಕೊಳ್ಳಲು ಹೋದವರಿದ್ದಾರೆ. ಅವರಲ್ಲೊಬ್ಬರು ಈಗ ನಿಮ್ಮೊಡನೆ ಮಾತನಾಡುತ್ತಿದ್ದಾರೆ.

ನಾವು ಮೊದಲ ಸಲ ಒಂದು ಹಳೆಯ ಮೋಟಾರು ಗಾಡಿಯನ್ನು ಕೊಂಡಾಗಿನ ಸಂಗತಿ ಇದು. ಓಡಿಸುವುದನ್ನೇನೋ ಕಲಿತಿದ್ದೆವು; ಬಾನೆಟ್ಟಿನ ಕೆಳಗೆ ಏನಿದೆಯೆಂಬುದು ಮಾತ್ರ ಬಾಗಿಲು ಹಾಕಿದ ಗರ್ಭಗುಡಿಯಷ್ಟು ಅಗೋಚರವಾಗಿತ್ತು. ಒಂದು ಸಂಜೆ ನಮ್ಮ ಮಿತ್ರರೊಬ್ಬರು ಗಾಡಿಯನ್ನು ಪ್ರದಕ್ಷಿಣೆ ಮಾಡಿ, ಎಡಗಡೆಯ ಇಂಡಿಕೇಟರು ಮಂಕಾಗಿ ಮಿಣುಕುತ್ತಿರುವುದನ್ನು ಕಂಡು, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಿಂದ "ಇದಕ್ಕೆ ಎಣ್ಣೆ ಹಾಕಿಸಿ ಎಷ್ಟು ದಿನವಾಯಿತು, ರಾಯರೆ?" ಎಂದರು. ಹಾಕಿಸಿಯೇ ಇಲ್ಲವೆಂದು ಒಪ್ಪಿಕೊಂಡೆವು. ಅವರು ಮರುಕದಿಂದ ತಲೆಯಾಡಿಸಿ, "ಕಾಲು ಲೀಟರು ಸಾಕು. ಆದರೆ ಎಡಗಡೆಯದನ್ನೇ ಕೇಳಿ ತೆಗೆದುಕೊಳ್ಳಿ. ಬಲಗಡೆಯದನ್ನು ಹಾಕಿಬಿಟ್ಟರೆ ನಾಲ್ಕು ರಸ್ತೆ ಕೂಡುವಲ್ಲಿ ಅನರ್ಥವಾದೀತು" ಎಂದರು. ಆ ಕೊನೆಯ ಮಾತಾದರೂ ನಮ್ಮನ್ನು ಎಚ್ಚರಿಸಬೇಕಾಗಿತ್ತು. ಎಚ್ಚರಿಸಲಿಲ್ಲ. ಅಜ್ಞಾನಿಗೆ ಸುಳ್ಳನ್ನು ನಂಬಿಸುವುದು ಅದರ ವಿವರವೇ. ವಿವರ ಹೆಚ್ಚಿದಷ್ಟೂ ನಂಬಿಕೆ ಹೆಚ್ಚುತ್ತದೆ.

ಮರುದಿನ ಬೆಂಗಳೂರಿನ ಜೆ. ಸಿ. ರಸ್ತೆಗೆ ಹೋದೆವು. ಮೋಟಾರಿನ ಬಿಡಿಭಾಗಗಳಿಗೆ ಹೆಸರಾದ ಬೀದಿ ಅದು. ಮೊದಲನೆಯ ಅಂಗಡಿಯವನು ನಮ್ಮ ಮುಖವನ್ನು ಒಂದು ಕ್ಷಣ ನೋಡಿ, "ಎಡಗಡೆಯದು ನಿನ್ನೆಯೇ ಖಾಲಿಯಾಯಿತು ಸಾರ್, ಪಕ್ಕದಲ್ಲಿ ವಿಚಾರಿಸಿ" ಎಂದನು. ಪಕ್ಕದವನು ಎದುರಿನವನಲ್ಲಿಗೆ ಕಳುಹಿಸಿದನು. ಎದುರಿನವನು ಮೂಲೆಯವನಲ್ಲಿಗೆ ಕಳುಹಿಸಿದನು. ಸ್ಕಾಟ್ಲೆಂಡಿನಲ್ಲಿ ಏಪ್ರಿಲ್ ಒಂದನೆಯ ತಾರೀಖು ಪೆದ್ದನೊಬ್ಬನ ಕೈಯಲ್ಲಿ ಮುಚ್ಚಿದ ಪತ್ರವನ್ನು ಕೊಟ್ಟು ಕಳುಹಿಸುವ ಹಳೆಯ ಪದ್ಧತಿಯೊಂದುಂಟು. "ಇವನನ್ನು ಇನ್ನೊಂದು ಮೈಲಿ ಮುಂದಕ್ಕೆ ಅಟ್ಟಿರಿ" ಎಂಬುದು ಆ ಪತ್ರದ ತಾತ್ಪರ್ಯ. ಪತ್ರವಿಲ್ಲದೆಯೇ ನಮ್ಮ ಜೆ. ಸಿ. ರಸ್ತೆಯವರು ಅದನ್ನು ನಡೆಸಿಕೊಟ್ಟರು. ಮೂಲೆಯ ಅಂಗಡಿಯಲ್ಲಿದ್ದ ವೃದ್ಧರು ಮಾತ್ರ ನಗಲಿಲ್ಲ. ಗಾಡಿಯ ಬಳಿಗೆ ಬಂದು, ದೀಪದ ಗಾಜನ್ನು ಬಿಚ್ಚಿ, ಬಲ್ಬು ಕೂರುವ ಸ್ಥಳದಲ್ಲಿ ಹಿಡಿದಿದ್ದ ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿದರು. ದೀಪವು ಹೊಸದರಂತೆ ಬೆಳಗಿತು. ಹಣವನ್ನು ತೆಗೆದುಕೊಳ್ಳಲಿಲ್ಲ. "ಎಣ್ಣೆ ಹಾಕಿದೆ ಎಂದು ನಿಮ್ಮ ಸ್ನೇಹಿತರಿಗೆ ಹೇಳಿ" ಎಂದಷ್ಟೇ ನುಡಿದರು.

ಈ ವಿನೋದವು ಇಂಗ್ಲೆಂಡ್ ಮತ್ತು ಅಮೆರಿಕಗಳ ಕಾರ್ಖಾನೆಗಳಲ್ಲಿ ಹೆಸರಾದದ್ದು. ಅಲ್ಲಿ ಹೊಸದಾಗಿ ಸೇರಿದ ಹುಡುಗನನ್ನು ಎಡಗೈಯವರ ಸ್ಕ್ರೂಡ್ರೈವರನ್ನೋ ಪಟ್ಟೆಪಟ್ಟೆಯ ಬಣ್ಣವನ್ನೋ ಒಂದು ಬಕೆಟ್ಟು ಹಬೆಯನ್ನೋ ತರಲು ಅಟ್ಟುವುದು ಒಂದು ಬಗೆಯ ಉಪನಯನ. ಇವುಗಳಲ್ಲೆಲ್ಲ ನಮಗೆ ಅತಿ ಚತುರವೆನಿಸಿದ್ದು 'ಉದ್ದನೆಯ ತೂಕ'. ಇಂಗ್ಲಿಷಿನಲ್ಲಿ ತೂಕವೆಂಬ ಪದಕ್ಕೂ ಕಾಯುವುದೆಂಬ ಪದಕ್ಕೂ ಉಚ್ಚಾರಣೆ ಒಂದೇ. ಹುಡುಗನು ಉಗ್ರಾಣಕ್ಕೆ ಹೋಗಿ ಅದನ್ನು ಕೇಳುತ್ತಾನೆ, ಉಗ್ರಾಣದವನು "ಅಲ್ಲೇ ನಿಂತಿರು" ಎನ್ನುತ್ತಾನೆ, ಒಂದು ಗಂಟೆ ಕಳೆದ ಮೇಲೆ "ಇಷ್ಟು ಉದ್ದ ಸಾಕೆ?" ಎಂದು ಕೇಳುತ್ತಾನೆ. ಬೇಡಿದ್ದನ್ನು ಕೊಟ್ಟಂತೆಯೇ ಆಯಿತಲ್ಲ! ಇನ್ನೊಂದು 710ನೆಯ ಮುಚ್ಚಳದ ಕಥೆ. ಒಬ್ಬರು ಅಂಗಡಿಗೆ ಹೋಗಿ, ನಮ್ಮ ಎಂಜಿನಿನ 710 ಕಳೆದುಹೋಗಿದೆ, ಬೇರೆ ಬೇಕು ಎನ್ನುತ್ತಾರೆ. ಅಂಗಡಿಯವರಿಗೆ ತಲೆ ಕೆಡುತ್ತದೆ. ಕೊನೆಗೆ ನೋಡಿದರೆ ಅದು ಎಂಜಿನ್ ಎಣ್ಣೆಯ ಮುಚ್ಚಳ. ಇಂಗ್ಲಿಷಿನ 'ಆಯಿಲ್' ಎಂಬ ಮೂರು ದೊಡ್ಡಕ್ಷರಗಳನ್ನು ತಲೆಕೆಳಗಾಗಿ ಬರೆದು ನೋಡಿ. ರೇಡಿಯೋದಲ್ಲಿ ತೋರಿಸಲು ಸಾಧ್ಯವಿಲ್ಲದ್ದರಿಂದ ಈ ಕೆಲಸವನ್ನು ನಿಮಗೇ ಬಿಟ್ಟಿದ್ದೇವೆ.

ಸುಳ್ಳು ಸಾಮಾನುಗಳ ಸಾಹಿತ್ಯದಲ್ಲಿ ಒಂದು ಮಹಾಕೃತಿಯೂ ಇದೆ. 1944ರಲ್ಲಿ ಜೆ. ಎಚ್. ಕ್ವಿಕ್ ಎಂಬ ಇಂಗ್ಲೆಂಡಿನ ವಿದ್ಯಾರ್ಥಿ, ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ವಿದ್ಯಾರ್ಥಿ ಪತ್ರಿಕೆಯಲ್ಲಿ 'ಟರ್ಬೋ ಎನ್‌ಕ್ಯಾಬ್ಯುಲೇಟರ್' ಎಂಬ ಯಂತ್ರವನ್ನು ವರ್ಣಿಸಿದನು. ವ್ಯಾಕರಣ ಶುದ್ಧ, ಶೈಲಿ ಪಂಡಿತರದು, ಆದರೆ ಆ ಯಂತ್ರದ ಮುಖ್ಯ ಅಂಗಗಳಲ್ಲಿ ಒಂದಾದರೂ ಪ್ರಪಂಚದಲ್ಲಿಲ್ಲ. 1946ರಲ್ಲಿ 'ಟೈಮ್' ಪತ್ರಿಕೆಯು ಅದನ್ನು ಓದುಗರ ಮುಂದಿಟ್ಟಿತು. 1962ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪೆನಿಯು ತನ್ನ ನಿಜವಾದ ಉಪಕರಣಗಳ ವಿವರಪತ್ರಗಳ ಮಾದರಿಯಲ್ಲಿಯೇ ಇದಕ್ಕೂ ಒಂದು ವಿವರಪತ್ರವನ್ನು ಅಚ್ಚುಹಾಕಿಸಿತು. ಅದು ಮೋಟಾರಿನ ಲೋಕಕ್ಕೆ ಕಾಲಿಟ್ಟದ್ದು 1977ರ ಸುಮಾರಿಗೆ. ಅಮೆರಿಕದಲ್ಲಿ ಲಾರಿಗಳ ವಿಷಯವಾಗಿ ತರಬೇತಿ ಚಿತ್ರ ತೆಗೆಯುತ್ತಿದ್ದ ಬಡ್ ಹ್ಯಾಗರ್ಟ್ ಎಂಬ ನಟ ಇದೇ ಮಾತುಗಳನ್ನು ಗಂಭೀರವಾಗಿ ಕ್ಯಾಮರಾದ ಮುಂದೆ ಒಪ್ಪಿಸಿದನು. ತಾನು ಅರ್ಥ ತಿಳಿಯದೆ ಓದುತ್ತಿದ್ದ ನಿಜವಾದ ಪಾಠಗಳಿಗೂ ಇದಕ್ಕೂ ಕೇಳುವವರಿಗೆ ಭೇದವೇ ತೋರದು ಎಂಬುದು ಅದರಲ್ಲಿನ ಕುಟುಕು. ನಮ್ಮಲ್ಲಿಯೂ ಕೆಲವು ಭಾಷಣಗಳನ್ನು ಕೇಳುವಾಗ ಆ ಯಂತ್ರದ ಸದ್ದು ಕೇಳಿಬರುವುದುಂಟು. ಅದು ಬೇರೆ ಮಾತು.

ಇಷ್ಟಾದ ಮೇಲೆ, ಮೊದಲು ಆಡಿದ ಮಾತೊಂದನ್ನು ತಿದ್ದಿಕೊಳ್ಳಬೇಕಾಗಿದೆ. ಇಂಡಿಕೇಟರಿಗೆ ಎಣ್ಣೆಯೆಂಬುದು ಯಾವ ಕಾಲದಲ್ಲಿಯೂ ಇರಲಿಲ್ಲವೆಂದೆವಷ್ಟೆ. ಹಳೆಯ ಮಾರಿಸ್ ಮೈನರ್ ಮುಂತಾದ ಗಾಡಿಗಳಲ್ಲಿ ಮಿಣುಕುವ ದೀಪಕ್ಕೆ ಬದಲಾಗಿ ಬಾಗಿಲಿನ ಪಕ್ಕದ ಕಂಬದಿಂದ ಪುಟ್ಟ ತೋಳೊಂದು ರೈಲಿನ ಕೈಮರದಂತೆ ಹೊರಚಾಚುತ್ತಿತ್ತು. ಟ್ರಾಫಿಕೇಟರ್ ಎಂದು ಅದರ ಹೆಸರು. ಅದು ಸಿಕ್ಕಿಕೊಳ್ಳದಂತೆ ಆಗಾಗ ಒಂದು ತೊಟ್ಟು ತೆಳುವಾದ ಎಣ್ಣೆಯನ್ನು ಬಿಡಬೇಕಾಗಿತ್ತು! ಹಾಗೆಯೇ ಹೆಡ್‌ಲೈಟಿಗೆ ನೀರು ತುಂಬಬೇಕೆಂದು ಇಂದು ಯಾರಾದರೂ ಹೇಳಿದರೆ ಗೇಲಿಯೆಂದು ತಿಳಿಯುತ್ತೇವೆ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಮೋಟಾರುಗಳ ದೀಪಗಳು ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿ ಹುಟ್ಟುವ ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದುವು. ನೀರು ಮುಗಿದರೆ ಕತ್ತಲೆಯೇ. ಎರಡನೆಯ ಮಹಾಯುದ್ಧದ ಪೆಟ್ರೋಲ್ ಅಭಾವದಲ್ಲಿ ನಮ್ಮ ದೇಶದ ಬಸ್ಸುಗಳು ಬೆನ್ನ ಮೇಲೆ ಒಲೆ ಹೊತ್ತು ಇದ್ದಿಲಿನ ಅನಿಲದಿಂದ ಓಡಿದುವೆಂದರೆ ಇಂದಿನ ಹುಡುಗರು ನಂಬುವರೆ? ಚಳಿಗಾಲದ ಗಾಳಿಯೆಂಬುದು ಸುಳ್ಳು, ನಿಜ. ಆದರೆ ಹೊರಗಿನ ಶಾಖವು ಐದಾರು ಡಿಗ್ರಿ ಸೆಲ್ಸಿಯಸ್ ಇಳಿದರೆ ಕಾರಿನ ಟೈರಿನ ಒತ್ತಡವು ಸುಮಾರು ಒಂದು ಪೌಂಡಿನಷ್ಟು ಇಳಿಯುವುದೂ ನಿಜ. ಸೈಲೆನ್ಸರಿನ ಬೇರಿಂಗಿಗೆ ಮಾತ್ರ ಇಂಥ ಯಾವ ಸಮರ್ಥನೆಯನ್ನೂ ನಾವು ಕಾಣೆವು. ರಂಧ್ರಗಳಿರುವ ಕೊಳವೆ, ಕೆಲವು ಕೋಣೆಗಳು, ಇಷ್ಟೇ ಅದರ ಸಂಸಾರ. ಅಲ್ಲಿ ತಿರುಗುವುದೇನೂ ಇಲ್ಲ.

ಇಲ್ಲದ ವಸ್ತುವಿಗೆ ಬೆಲೆಯ ಚೀಟಿಯನ್ನು ಅಂಟಿಸಿದ ಕೂಡಲೆ ವಿನೋದವು ಮುಗಿದು ವಂಚನೆ ಮೊದಲಾಗುತ್ತದೆ. 1916ರಲ್ಲಿ ಅಮೆರಿಕದ ಲೂಯಿ ಎನ್ರಿಕ್ಟ್ ಎಂಬಾತ ನೀರಿಗೆ ತನ್ನ ಗುಟ್ಟಿನ ದ್ರವವನ್ನು ಬೆರೆಸಿ ಮೋಟಾರು ಓಡಿಸಿ ತೋರಿಸಿದನು. ದೊಡ್ಡ ದೊಡ್ಡವರೇ ನಂಬಿದರು. ಆತನು ಕಡೆಗೆ ವಂಚನೆಯ ಅಪರಾಧಕ್ಕಾಗಿ ಸೆರೆಮನೆ ಸೇರಿದನು. ಪೆಟ್ರೋಲನ್ನು ಉಳಿಸುತ್ತವೆಂದು ಹೇಳಿಕೊಂಡ ನೂರಕ್ಕೂ ಹೆಚ್ಚು ಉಪಕರಣಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯು ಪರೀಕ್ಷಿಸಿತು. ಅವುಗಳಲ್ಲಿ ಬೆರಳೆಣಿಕೆಯಷ್ಟರಿಂದ ಅಲ್ಪಸ್ವಲ್ಪ ಲಾಭ ಕಂಡಿತು, ಉಳಿದವು ಮೊಲದ ಕೊಂಬೇ.

ವಂಚನೆಯಿಂದ ಹೋಗುವುದು ಹಣ. ಗೇಲಿಯಿಂದ ನಾವು ಕಳೆದುಕೊಂಡದ್ದು ಬೇರೊಂದು, ಅದನ್ನು ಹೇಳಬೇಕು. ಜೆ. ಸಿ. ರಸ್ತೆಯ ಪ್ರಸಂಗದ ಅನಂತರ ನಾವು ಬಹಳ ಜಾಣರಾದೆವು. ಮೋಟಾರಿನ ವಿಷಯವಾಗಿ ಯಾರು ಏನು ಹೇಳಿದರೂ ಮೊದಲು ನಗುವುದನ್ನು ಅಭ್ಯಾಸ ಮಾಡಿಕೊಂಡೆವು. ಕೆಲವು ತಿಂಗಳ ಮೇಲೆ ನಮ್ಮ ಗಾಡಿಯನ್ನು ನೋಡಿಕೊಳ್ಳುತ್ತಿದ್ದ ಗ್ಯಾರೇಜಿನ ಉಸ್ತಾದರು, "ಸ್ವಾಮಿ, ಬ್ರೇಕ್ ಎಣ್ಣೆ ತುಂಬ ನೀರು ಕುಡಿದುಬಿಟ್ಟಿದೆ, ಬದಲಾಯಿಸೋಣ" ಎಂದರು. ಡಬ್ಬಿಯನ್ನು ನೋಡಿದೆವು, ಎಣ್ಣೆ ಗೆರೆಯವರೆಗೂ ತುಂಬಿತ್ತು, ಮುಚ್ಚಳ ಭದ್ರವಾಗಿತ್ತು. ಎಣ್ಣೆ ನೀರು ಕುಡಿಯುವುದೆ? ಅದೂ ಮುಚ್ಚಿದ ಡಬ್ಬಿಯೊಳಗೆ, ಗಾಳಿಯಿಂದ? "ಎಡಗಡೆಯದೋ ಬಲಗಡೆಯದೋ, ಉಸ್ತಾದ್?" ಎಂದು ಕೇಳಿ, ನಮ್ಮ ಚಾತುರ್ಯಕ್ಕೆ ನಾವೇ ನಕ್ಕು ಹೊರಟೆವು. ಅವರಿಗೆ ಏನೂ ಅರ್ಥವಾಗಲಿಲ್ಲ.

ಅವರ ಮಾತು ಅಕ್ಷರಶಃ ನಿಜವಾಗಿತ್ತು. ಬ್ರೇಕ್ ಎಣ್ಣೆಯೆಂದು ನಾವು ಕರೆಯುವುದು ಸಾಮಾನ್ಯವಾಗಿ ಎಣ್ಣೆಯೇ ಅಲ್ಲ. ಗ್ಲೈಕಾಲ್ ವರ್ಗದ ರಾಸಾಯನಿಕ ದ್ರವ. ರಬ್ಬರಿನ ಕೊಳವೆಗಳ ಮೂಲಕವೂ ಅದು ಗಾಳಿಯ ತೇವವನ್ನು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಮೂರನೆಯ ದರ್ಜೆಯ ಹೊಸ ದ್ರವವು 205 ಡಿಗ್ರಿಗಿಂತ ಕೆಳಗೆ ಕುದಿಯಕೂಡದೆಂದು ನಿಯಮ. ನೂರಕ್ಕೆ ನಾಲ್ಕು ಪಾಲಿಗಿಂತ ಕಡಮೆ ನೀರು ಸೇರಿದರೂ ಈ ಮಿತಿ 140ಕ್ಕೆ ಇಳಿಯುತ್ತದೆ. ದ್ರವವು ಕುದಿದರೆ ಆವಿ ಹುಟ್ಟುತ್ತದೆ. ದ್ರವವನ್ನು ಒತ್ತಿದರೆ ಅದು ಬ್ರೇಕನ್ನು ಒತ್ತುತ್ತದೆ. ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗುತ್ತದೆ.

ಇದೆಲ್ಲವನ್ನೂ ನಾವು ಆಗುಂಬೆಯ ಘಾಟಿಯಲ್ಲಿ ಕಲಿತೆವು. ಸೋಮೇಶ್ವರದ ಕಡೆಗೆ ಇಳಿಯುತ್ತಿದ್ದೆವು. ಹಿಂದಿನ ಆಸನದಲ್ಲಿ ನಮ್ಮ ತಾಯಿಯವರೂ ಇಬ್ಬರು ಮಕ್ಕಳೂ ಇದ್ದರು. ಪೆಟ್ರೋಲ್ ಉಳಿಯಲೆಂದು ಮೇಲಿನ ಗೇರಿನಲ್ಲಿಯೇ, ಹೆಜ್ಜೆಹೆಜ್ಜೆಗೂ ಬ್ರೇಕನ್ನು ತುಳಿಯುತ್ತ ಬಂದಿದ್ದೆವು. ಒಂಬತ್ತನೆಯದೋ ಹತ್ತನೆಯದೋ ತಿರುವಿನಲ್ಲಿ ತುಳಿದ ಕಾಲಿಗೆ ಎದುರಾಗಿ ಏನೂ ಸಿಕ್ಕಲಿಲ್ಲ. ಹತ್ತಿಯ ಮೂಟೆಯನ್ನು ತುಳಿದಂತೆ ಪೆಡಲು ನೆಲಕ್ಕೆ ಇಳಿದುಹೋಯಿತು. ಬಲಗಡೆ ಕಣಿವೆ. ಗೇರನ್ನು ಹೇಗೋ ಕೆಳಕ್ಕೆ ನೂಕಿ, ಕೈಬ್ರೇಕನ್ನು ಎಳೆದೆಳೆದು, ಎಡಗಡೆಯ ಬೆಟ್ಟದ ಮಗ್ಗುಲಿನ ಚರಂಡಿಗೆ ಚಕ್ರವನ್ನು ಇಳಿಸಿದೆವು. ಗಾಡಿ ಮಣ್ಣಿಗೆ ಒರಗಿ ನಿಂತಿತು. ಮರುಕ್ಷಣವೇ ಕೆಳಗಿನಿಂದ ಬಸ್ಸೊಂದು ತಿರುವಿನಲ್ಲಿ ಮೇಲೇರಿ ಬಂದಿತು. ನಮ್ಮ ಕೈಗಳು ಸ್ಟಿಯರಿಂಗನ್ನು ಬಿಡಲು ಒಪ್ಪಲಿಲ್ಲ.

ತಾಯಿಯವರು ಕಿಟಕಿಯಿಂದ ಕಾಡನ್ನು ನೋಡಿ, "ನಮಗೆ ತೋರಿಸುವುದಕ್ಕೆ ನಿಲ್ಲಿಸಿದೆಯಾ, ಮಗು?" ಎಂದರು. ಹೌದಮ್ಮ ಎಂದೆವು. ಮುಕ್ಕಾಲು ಗಂಟೆ ಅಲ್ಲಿಯೇ ಕುಳಿತು ಕಾಡನ್ನು ನೋಡಿದೆವು. ಆವಿ ತಣಿದು ಪೆಡಲು ಮೇಲೆ ಬಂದ ಮೇಲೆ, ಒಂದನೆಯ ಗೇರಿನಲ್ಲಿ ಬಸವನ ಹುಳುವಿನಂತೆ ಕೆಳಗಿಳಿದು ಹೆಬ್ರಿಯನ್ನು ಸೇರಿದೆವು. ಅಲ್ಲಿಯ ಮೆಕ್ಯಾನಿಕನು ಹೊರತೆಗೆದ ದ್ರವವು ಹಳಸಿದ ಕಷಾಯದ ಬಣ್ಣಕ್ಕಿತ್ತು.

ಬೆಂಗಳೂರಿಗೆ ಬಂದೊಡನೆ ಉಸ್ತಾದರನ್ನು ಕಂಡು ಎಲ್ಲವನ್ನೂ ಹೇಳಿದೆವು. ಅವರು ನಗಲೂ ಇಲ್ಲ, ಗದರಲೂ ಇಲ್ಲ. ಬಾನೆಟ್ಟಿನ ಒಳಗಡೆ ಸೀಮೆಸುಣ್ಣದಿಂದ ಆ ದಿನದ ತಾರೀಖನ್ನು ಬರೆದು, ಅದರ ಕೆಳಗೆ ಎರಡು ವರ್ಷ ಕೂಡಿಸಿದ ತಾರೀಖನ್ನೂ ಬರೆದರು. ಆ ತಾರೀಖು ಬಂದಾಗ ಬ್ರೇಕ್ ಎಣ್ಣೆಯನ್ನು ಕೊಳ್ಳಲು ನಾವೇ ಜೆ. ಸಿ. ರಸ್ತೆಯ ಮೂಲೆಯ ಅಂಗಡಿಗೆ ಹೋದೆವು. "ಎಣ್ಣೆ ಬೇಕಾಗಿತ್ತು" ಎಂದೆವು. ವೃದ್ಧರು ಕನ್ನಡಕವನ್ನು ಹಣೆಗೇರಿಸಿ ನಮ್ಮನ್ನು ಗುರುತಿಸಿದರು.

"ಇಂಡಿಕೇಟರಿಗೋ?" ಎಂದು ಕೇಳಿದರು.

"ಬ್ರೇಕಿಗೆ" ಎಂದೆವು.